ಗರಸು ಹತ್ತುವವರೆಗೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಮನೆಗೆ ಪಾಯಾ ತೆಗೆಯುವವರ ಬಾಯಲ್ಲಿ ತಲೆಮಾರುಗಳಿಂದ ಸವೆಯದೆ ಉಳಿದುಬಂದ ಮಾತೊಂದುಂಟು: ‘ಗರಸು ಹತ್ತೂತನಕ ಅಗೀರಿ.’ ಆಳ ಎಷ್ಟು ಅಡಿಯೆಂದು ಆ ಮಾತು ಹೇಳುವುದಿಲ್ಲ. ಎಷ್ಟು ಆಳು ಬೇಕಾದೀತು, ಎಷ್ಟು ದಿನ ಹಿಡಿದೀತು, ಎಷ್ಟು ಹಣ ಕರಗೀತು ಎಂಬುದನ್ನೂ ಹೇಳದು. ಕರಿಯ ಎರೆಮಣ್ಣಿನ ಅಡಿಯಲ್ಲಿ ಎಲ್ಲಿಯೋ ಒಂದೆಡೆ ಗುದ್ದಲಿಯ ಸಪ್ಪಳವೇ ಬದಲಾಗುತ್ತದೆ. ಅಂಟಿಕೊಂಡು ಕಿತ್ತುಬರುವ ಮೆತ್ತನೆಯ ಸದ್ದು ಹೋಗಿ ಕಲ್ಲಚೂರಿಗೆ ಕಬ್ಬಿಣ ತಾಗಿದ ಗಟ್ಟಿ ನಾದ ಮೇಲೆ ಬರುತ್ತದೆ. ಆ ನಾದವನ್ನು ಕೇಳಿದ ಮೇಲೆಯೇ ಗೌಂಡಿಯು ಅಳತೆಯ ದಾರವನ್ನು ಕೈಗೆತ್ತಿಕೊಳ್ಳುವುದು. ಅಗೆದು ತೆಗೆದ ಎರೆಯನ್ನು ಮರಳಿ ಪಾಯಾದೊಳಗೆ ಬೀಳಗೊಡದೆ ಹೊಲಕ್ಕೆ ಸಾಗಿಸಿ, ದೂರದ ಮಡ್ಡಿಯಿಂದ ಗರಸನ್ನು ಚಕ್ಕಡಿಯಲ್ಲಿ ಹೇರಿ ತಂದು, ನೋಡಿ, ಮೂಸಿ, ಹಿಸುಕಿ, ಒಪ್ಪಿಗೆಯಾದದ್ದನ್ನು ಮಾತ್ರ ಪದರಪದರವಾಗಿ ತುಂಬಿ ದಿಮ್ಮಸಿನಿಂದ ಬಡಿದು ನೆಲಗಟ್ಟನ್ನು ಎಬ್ಬಿಸುವ ಈ ಪದ್ಧತಿಯ ಪೂರ್ವೋತ್ತರಗಳನ್ನು ವಿಚಾರಿಸಬೇಕೆಂಬ ಆಸೆ ನನಗೆ ಬಹುದಿನಗಳಿಂದ ಇದೆ. ಕಟ್ಟಡಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಕಂಬ, ಬೋದಿಗೆ, ಭುವನೇಶ್ವರಿ, ಶಿಖರಗಳನ್ನು ಮನದಣಿಯೆ ವರ್ಣಿಸಿದ್ದಾರೆ. ಅವೆಲ್ಲದರ ಭಾರವನ್ನು ಹೊತ್ತು ಕಣ್ಣಿಗೆ ಕಾಣದಂತೆ ಕುಳಿತಿರುವ ಭರ್ತಿಯ ಮಣ್ಣಿನ ಮಾತು ಅವರ ಗ್ರಂಥಗಳಲ್ಲಿ ವಿರಳ.

ಈ ಸೀಮೆಯ ನೆಲವೇ ಎರಡು ಸ್ವಭಾವಗಳ ನೆಲ. ಪಶ್ಚಿಮದಲ್ಲಿ ಹಾನಗಲ್ಲು, ಹಿರೇಕೆರೂರುಗಳ ಕಡೆಗೆ ಮಲೆನಾಡಿನ ಸೆರಗು ತಾಗಿದಂತೆ ಕೆಂಪು ಮಸಾರಿ. ಪೂರ್ವದಲ್ಲಿ ರಾಣೇಬೆನ್ನೂರಿನಿಂದ ತುಂಗಭದ್ರೆಯ ದಂಡೆಯತ್ತ ಹರಡಿದಂತೆ ಕರಿಯ ಎರೆ. ಬ್ಯಾಡಗಿಯ ಸುತ್ತಮುತ್ತ ಎರಡೂ ಒಂದರೊಳಗೊಂದು ಬೆರೆತು, ಒಂದೇ ಹೊಲದ ಎರಡು ಮೂಲೆಗಳು ಎರಡು ಬಣ್ಣವಾಗಿರುವುದನ್ನು ಎಷ್ಟೋ ಕಡೆ ಕಾಣಬಹುದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು ೧೮೮೦ರ ದಶಕದಲ್ಲಿ ಈ ಭಾಗದ ಪುರಾತನ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರನ್ನು ಕೊಟ್ಟನು. ಅವನ ಅನಂತರ ಬಂದವರು ಆ ಶಿಲೆಗಳೊಳಗಣ ಒಂದು ಸ್ತರಸಮೂಹಕ್ಕೆ ರಾಣೇಬೆನ್ನೂರಿನ ಹೆಸರನ್ನೇ ಇಟ್ಟರು. ಆ ಶಿಲೆಯು ಮಳೆ ಬಿಸಿಲುಗಳಿಗೆ ಸಿಕ್ಕು, ಬಿರಿದು, ಅರ್ಧ ಕಲ್ಲಾಗಿಯೂ ಅರ್ಧ ಮಣ್ಣಾಗಿಯೂ ನಿಂತ ಅವಸ್ಥೆಯೇ ಗರಸು. ಕಲ್ಲು ಪೂರ್ತಿಯಾಗಿ ಕರಗಿ ಮಣ್ಣಾದಾಗ ಬೇಸಾಯಗಾರನಿಗೆ ಸಂತೋಷ. ಕರಗುವುದಕ್ಕೆ ಮೊದಲಿನ ಆ ನಡುಹಂತವೇ ಮನೆ ಕಟ್ಟುವವನಿಗೆ ಭಾಗ್ಯ. ಊರಿನವರು ಈ ಎಲ್ಲಕ್ಕೂ ಬೇರೆ ಬೇರೆ ಹೆಸರನ್ನಿಟ್ಟಿದ್ದಾರೆ: ಎರಿ, ಮಸಾರಿ, ಮಡ್ಡಿ, ಗರಸು, ಸವಳು, ಹಾಳುಮಣ್ಣು. ಒಂದೊಂದು ಹೆಸರೂ ಆ ಮಣ್ಣು ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬುದರ ತೀರ್ಪಾಗಿದೆ.

ಎರೆಮಣ್ಣಿನ ಮೇಲೆ ಈ ಜನಕ್ಕೆ ಇರುವ ಪ್ರೀತಿಯೂ ಭಯವೂ ಒಂದರಷ್ಟೇ ಇನ್ನೊಂದು ದೊಡ್ಡದು. ಹತ್ತಿ, ಜೋಳ, ಮೆಣಸಿನಕಾಯಿಗಳನ್ನು ಕೊಟ್ಟು ಸಾಕಿದ ತಾಯಿಯೂ ಅದೇ. ಗೋಡೆಯನ್ನು ಸೀಳಿ ಹೊಸ್ತಿಲನ್ನು ಎತ್ತಿಹಾಕುವುದೂ ಅದೇ. ಚೈತ್ರ ವೈಶಾಖಗಳಲ್ಲಿ ರಾಣೇಬೆನ್ನೂರಿನ ಪೂರ್ವದ ಹೊಲಗಳಲ್ಲಿ ನಡೆದವರು ಬಲ್ಲರು: ನೆಲ ಅಂಗೈಯಗಲಕ್ಕೆ ಬಿರಿದು, ಆ ಬಿರುಕಿನೊಳಗೆ ಬಾರುಕೋಲನ್ನು ಇಳಿಬಿಟ್ಟರೆ ಅಡಿ ಸಿಕ್ಕದು. ಮಳೆ ಬಂತೆಂದರೆ ಅದೇ ನೆಲ ನೀರುಂಡು ಉಬ್ಬಿ, ಬಿರುಕುಗಳನ್ನೆಲ್ಲ ಮುಚ್ಚಿ, ಚಕ್ಕಡಿಯ ಗಾಲಿಯನ್ನು ಅಚ್ಚಿನವರೆಗೆ ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ಕಾರಣವಾದ ಅತಿಸೂಕ್ಷ್ಮ ಖನಿಜಕ್ಕೆ, ಅದು ಮೊದಲು ಗುರುತಿಗೆ ಬಂದ ಫ್ರಾನ್ಸಿನ ಮೊಂಮೊರಿಲ್ಲೋನ್ ಎಂಬ ಊರಿನಿಂದ, ೧೮೪೭ರಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂದು ಹೆಸರಾಯಿತು. ತನ್ನ ಪದರಗಳ ನಡುವೆ ನೀರನ್ನು ಸೆಳೆದುಕೊಂಡು ಹಿಗ್ಗುವುದೂ ಅದನ್ನು ಬಿಟ್ಟುಕೊಟ್ಟು ಕುಗ್ಗುವುದೂ ಅದರ ಧರ್ಮ. ಹೀಗೆ ವರ್ಷಕ್ಕೊಮ್ಮೆ ಉಸಿರೆಳೆದು ಉಸಿರು ಬಿಡುವ ನೆಲದ ಮೇಲೆ ಅಲ್ಲಾಡದ ಮನೆಯನ್ನು ಕಟ್ಟುವುದು ಹೇಗೆಂಬುದೇ ಈ ಸೀಮೆಯ ಗೌಂಡಿಗಳ ಮುಂದೆ ಶತಮಾನಗಳಿಂದ ಇದ್ದ ಪ್ರಶ್ನೆ.

ನಾನು ಹತ್ತು ಹನ್ನೊಂದು ವರ್ಷದವನಿದ್ದಾಗ ರಾಣೇಬೆನ್ನೂರಿನಲ್ಲಿ ನಮ್ಮ ತಂದೆಯವರು ಮನೆ ಕಟ್ಟಿಸಿದರು. ಶಾಲಾಮಾಸ್ತರಿಕೆಯ ಸಂಬಳದಲ್ಲಿ ಉಳಿಸಿದ ಹಣ. ಒಂದೊಂದು ಚಕ್ಕಡಿ ಮಣ್ಣಿಗೂ ಲೆಕ್ಕವಿತ್ತು. ಆದುದರಿಂದ ಪಾಯಾದಿಂದ ತೆಗೆದ ಎರೆಯನ್ನೇ ಮರಳಿ ಒಳಗೆ ತುಂಬಿಬಿಟ್ಟರೆ ಸಾಗಾಣಿಕೆಯ ವೆಚ್ಚವೂ ಉಳಿದು ಗರಸಿನ ಬೆಲೆಯೂ ಉಳಿಯುವುದಲ್ಲ ಎಂದು ಅವರು ಒಂದು ಮುಂಜಾನೆ ಕೇಳಿದರು. ಮುದುಕ ಗೌಂಡಿ ಕೂಡಲೇ ಉತ್ತರ ಕೊಡಲಿಲ್ಲ. ಒಂದು ಹಿಡಿ ಎರೆಯನ್ನು ತೆಗೆದುಕೊಂಡು, ನೀರು ಹನಿಸಿ, ಅಂಗೈಯಲ್ಲಿ ನಾದಿ, ಎರಡು ಅಂಗೈಗಳ ನಡುವೆ ಹೊಸೆದರು. ಅದು ಶಾವಿಗೆಯಂತೆ ಸಣ್ಣಗೆ, ಉದ್ದಕ್ಕೆ, ತುಂಡಾಗದೆ ಇಳಿಯಿತು. ಅದನ್ನು ಬೆರಳಿಗೆ ಉಂಗುರದಂತೆ ಸುತ್ತಿ ನಮ್ಮ ತಂದೆಯವರ ಮುಂದೆ ಹಿಡಿದು ಹೇಳಿದರು: “ಮಾಸ್ತರ್ರ, ಈ ಮಣ್ಣಾಗ ಜೀವ ಐತ್ರಿ. ಜೀವ ಇದ್ದದ್ದು ಸುಮ್ನ ಕೂಡೂದಿಲ್ರಿ.” ಆಮೇಲೆ ಗರಸಿನ ಪುಡಿಯನ್ನು ಅದೇ ರೀತಿ ನಾದಿ ಹೊಸೆಯಹೋದರು, ಅದು ಎರಡು ಬೆರಳಗಲ ಆಗುವುದರೊಳಗೆ ಪುಟಪುಟನೆ ಮುರಿದು ಬಿತ್ತು. “ಇದು ಕೂಡತೈತಿ ನೋಡ್ರಿ” ಎಂದರು. ನಮ್ಮ ತಂದೆಯವರು ಮರುಮಾತಾಡದೆ ಗರಸಿನ ಚಕ್ಕಡಿಗಳಿಗೆ ಹೇಳಿಕಳಿಸಿದರು.

ಗರಸಾದ ಮಾತ್ರಕ್ಕೆ ಎಲ್ಲವೂ ಒಪ್ಪಿಗೆಯಾಗುತ್ತಿರಲಿಲ್ಲ. ಚಕ್ಕಡಿ ಬಂದು ನಿಂತೊಡನೆ ಆ ಮುದುಕರು ಮೇಲಿನ ಮಣ್ಣನ್ನು ನೋಡುತ್ತಲೇ ಇರಲಿಲ್ಲ. ಮೊಣಕೈವರೆಗೆ ಕೈಯನ್ನು ಹೇರಿನ ನಡುವಿಗೆ ತೂರಿಸಿ ಅಲ್ಲಿಂದ ಒಂದು ಹಿಡಿಯನ್ನು ಹೊರಗೆ ತೆಗೆಯುತ್ತಿದ್ದರು. ಮೊದಲು ಮೂಸುವರು, ಕೊಳೆತ ಬೇರಿನ, ಸಗಣಿಯ, ತಿಪ್ಪೆಯ ವಾಸನೆ ಎಳ್ಳಷ್ಟು ಬಂದರೂ ಹೇರು ಹಿಂದಕ್ಕೆ ಹೋಗಬೇಕು. ಅನಂತರ ನಾಲಗೆಯ ತುದಿಗೆ ಒಂದು ಕಣವನ್ನು ತಾಗಿಸುವರು. ಉಪ್ಪು ಹತ್ತಿದರೆ ಅದು ಸವಳಿನ ಅಂಚಿನಿಂದ ಬಂದುದೆಂದು ತಿಳಿದು ಬದಿಗೆ ಸುರಿಸುವರು. ಅನುಮಾನವಿದ್ದಲ್ಲಿ ಒಂದು ಹಿಡಿಯನ್ನು ನೀರಿನ ಚೊಂಬಿನಲ್ಲಿ ಕದಡಿ ಕಟ್ಟೆಯ ಮೇಲಿಟ್ಟು ಬೇರೆ ಕೆಲಸಕ್ಕೆ ಹೋಗುವರು. ಹಿಂದಿರುಗಿ ಬಂದಾಗ ತಿಳಿನೀರನ್ನು ಮೆಲ್ಲಗೆ ಬಸಿದು, ತಳದಲ್ಲಿ ಹರಳೆಷ್ಟು, ಮೇಲೆ ರಾಡಿಯೆಷ್ಟು ಎಂದು ಬೆರಳಿನಿಂದ ಅಳೆಯುವರು. ಇವೆಲ್ಲಕ್ಕಿಂತ ಮುಂಚಿನ ಪರೀಕ್ಷೆಯೊಂದು ಇತ್ತು, ಅದನ್ನು ಅವರು ಮಣ್ಣಿಗಲ್ಲ, ಚಕ್ಕಡಿ ಹೊಡೆಯುವವನಿಗೆ ಮಾಡುತ್ತಿದ್ದರು: “ಯಾ ಮಡ್ಡೀದೋ ತಮ್ಮಾ?” ಯಾವ ಗುಡ್ಡದ ಯಾವ ಮಗ್ಗುಲು, ಎಷ್ಟು ಆಳದ್ದು, ಮೇಲಿನ ಕರಿಪೊರೆಯನ್ನು ಕೆರೆದು ತೆಗೆದಿದ್ದಾರೆಯೇ ಇಲ್ಲವೇ ಎಂಬುದನ್ನೆಲ್ಲ ಕೇಳಿ ತಿಳಿದ ಮೇಲೆಯೇ ಕೈ ತೂರಿಸುವ ಕೆಲಸ. ಊರು ತಿಳಿಯದ ಮಣ್ಣನ್ನು ಅವರು ಮನೆಯೊಳಗೆ ಬಿಟ್ಟುಕೊಂಡದ್ದನ್ನು ನಾನು ಕಾಣೆ.

ಮಣ್ಣನ್ನು ಆರಿಸುವುದು ಒಂದು ವಿದ್ಯೆಯಾದರೆ ಅದಕ್ಕೆ ಹದ ತರುವುದು ಇನ್ನೊಂದು. ‘ಹದ’ ಎಂಬ ಈ ಎರಡಕ್ಷರದ ಮಾತಿನಲ್ಲಿ ಕನ್ನಡ ಜನ ಬೇಸಾಯ, ಅಡುಗೆ, ಕುಂಬಾರಿಕೆ, ಕಟ್ಟಡ ಎಲ್ಲದರ ಅನುಭವವನ್ನೂ ಸಂಗ್ರಹಿಸಿಟ್ಟಿದ್ದಾರೆ. ಗರಸನ್ನು ಗೇಣುದ್ದದ ಪದರವಾಗಿ ಹರಡಿ, ಸಂಜೆ ನೀರು ಚಿಮುಕಿಸಿ, ರಾತ್ರಿಯೆಲ್ಲ ಹಾಗೆಯೇ ಬಿಡುವರು. ಬೆಳಗ್ಗೆ ಒಂದು ಹಿಡಿಯನ್ನು ಒತ್ತಿ ಉಂಡೆ ಮಾಡಿ ಸೊಂಟದೆತ್ತರದಿಂದ ನೆಲಕ್ಕೆ ಬಿಡುವರು. ಉಂಡೆ ಪುಡಿಪುಡಿಯಾದರೆ ನೀರು ಸಾಲದು. ತಟ್ಟೆಯಂತೆ ಚಪ್ಪಟೆಯಾಗಿ ಕುಳಿತರೆ ನೀರು ಹೆಚ್ಚಾಯಿತು, ಬಿಸಿಲು ಏರುವವರೆಗೆ ಕಾಯಬೇಕು. ನಾಲ್ಕಾರು ಹೋಳಾಗಿ ಒಡೆದರೆ ಹದ ಬಂದಿತು. ಆಗ ದಿಮ್ಮಸು ಏಳುವುದು. ಆ ಹೊಡೆತ ಮೊದಲು ಮೆತ್ತಗೆ, ಕ್ರಮೇಣ ಬಿಗಿಯಾಗಿ, ಕಡೆಯಲ್ಲಿ ಕಲ್ಲಿನ ಮೇಲೆ ಬಿದ್ದಂತೆ ಕೈಗೆ ಮರಳಿ ಪುಟಿಯುವಂತಾದಾಗಲೇ ಆ ಪದರ ಮುಗಿಯಿತೆಂದು ಲೆಕ್ಕ.

ಶಾಸ್ತ್ರಗ್ರಂಥಗಳನ್ನು ತೆರೆದು ನೋಡಿದರೆ ಭೂಪರೀಕ್ಷೆಯ ವಿಧಿಗಳು ಅಲ್ಲಿಯೂ ಇವೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ ಹೇಳುವ ಕ್ರಮ ಹೀಗಿದೆ: ನಿವೇಶನದ ನಡುವೆ ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣಿನಿಂದಲೇ ಅದನ್ನು ಮತ್ತೆ ಮುಚ್ಚಬೇಕು, ಮಣ್ಣು ಸಾಲದೆ ಹೋದರೆ ಅನಿಷ್ಟ, ಸರಿಹೋದರೆ ಮಧ್ಯಮ, ಮಿಕ್ಕರೆ ಶ್ರೇಯಸ್ಕರ. ಅಥವಾ ಗುಂಡಿಯನ್ನು ನೀರಿನಿಂದ ತುಂಬಿ ನೂರು ಹೆಜ್ಜೆ ನಡೆದು ಹಿಂದಿರುಗಿ ಬರಬೇಕು. ನೀರು ಇಳಿಯದಿದ್ದರೆ ಒಳ್ಳೆಯ ನೆಲ. ಇದನ್ನು ಶುಭಾಶುಭಗಳ ಮಾತೆಂದು ಬದಿಗಿಡುವುದು ಸುಲಭ. ಆದರೆ ಯೋಚಿಸಿ ನೋಡಿದರೆ, ಸಹಜವಾಗಿ ಬಿಗಿದು ಕುಳಿತ ನೆಲವನ್ನು ಕೆದಕಿದಾಗ ಅದು ಸಡಿಲಾಗಿ ಹೆಚ್ಚು ಜಾಗವನ್ನು ಬೇಡುತ್ತದೆ, ಆದುದರಿಂದ ಮಿಗುತ್ತದೆ. ಪೊಳ್ಳಾದ ನೆಲದ ಮಣ್ಣಾದರೋ ತುಳಿತಕ್ಕೆ ಕುಗ್ಗಿ ಸಾಲದೆ ಹೋಗುತ್ತದೆ. ನೀರಿನ ಪರೀಕ್ಷೆಯೂ ಹಾಗೆಯೇ ನೆಲದ ರಂಧ್ರತೆಯ ಪರೀಕ್ಷೆ. ಆದರೂ ಈ ಶಾಸ್ತ್ರವಿಧಿಯೊಂದನ್ನೇ ನಂಬಿ ಎರೆಸೀಮೆಯಲ್ಲಿ ಮನೆ ಕಟ್ಟಿದವನು ಕೆಟ್ಟನೆಂದೇ ನನ್ನ ಅಭಿಪ್ರಾಯ. ಏಕೆಂದರೆ ಎರೆಮಣ್ಣು ಮಳೆಗಾಲದಲ್ಲಿ ನೀರನ್ನು ಇಳಿಯಗೊಡದೆ ಹಿಡಿದು ನಿಂತು ಆ ಪರೀಕ್ಷೆಯಲ್ಲಿ ಉತ್ತಮವೆಂದು ತೇರ್ಗಡೆಯಾಗಿಬಿಡುತ್ತದೆ. ಅದರ ದೋಷ ನೂರು ಹೆಜ್ಜೆಯ ಕಾಲದಲ್ಲಿ ಕಾಣುವಂಥದಲ್ಲ, ಒಂದು ಬೇಸಿಗೆ ಒಂದು ಮಳೆಗಾಲ ಕಳೆದಾಗ ಕಾಣುವಂಥದು. ಅಂಗೈಯಲ್ಲಿ ಹೊಸೆದು ನೋಡುವ ಗೌಂಡಿಯ ವಿದ್ಯೆ ಅಲ್ಲಿ ಶಾಸ್ತ್ರಕ್ಕಿಂತ ಒಂದು ಹೆಜ್ಜೆ ಮುಂದಿತ್ತು.

ಶಾಸ್ತ್ರಕಾರರ ಇನ್ನೊಂದು ವಿಧಿಯನ್ನು ಮಾತ್ರ ನಾನು ಎಷ್ಟು ಗೌರವಿಸಿದರೂ ಸಾಲದು: ಅದು ಶಲ್ಯೋದ್ಧಾರ. ಕಟ್ಟಡದ ನೆಲದೊಳಗೆ ಎಲುಬು, ಕೂದಲು, ಹೊಟ್ಟು, ಇದ್ದಿಲು, ಬೂದಿ, ಕಟ್ಟಿಗೆಯ ತುಂಡು ಮೊದಲಾದವು ಉಳಿಯಕೂಡದು. ಅವು ದೇಹದೊಳಗೆ ಮುರಿದು ಉಳಿದ ಮುಳ್ಳಿನಂತೆ, ಅಂದರೆ ಶಲ್ಯದಂತೆ, ನೋವನ್ನು ಕೊಡುವುವು. ಆದುದರಿಂದ ಅವನ್ನು ಹುಡುಕಿ ಕಿತ್ತು ತೆಗೆದ ಮೇಲೆಯೇ ಶುದ್ಧವಾದ ಮಣ್ಣಿನಿಂದ ತುಂಬತಕ್ಕದ್ದು ಎಂದು ವಿಧಿ. ಇಂದು ನಮ್ಮ ಹೆದ್ದಾರಿಗಳ ಏರಿಯನ್ನು ಕಟ್ಟುವವರಿಗೆ ಸರ್ಕಾರ ಕೊಟ್ಟಿರುವ ನಿಯಮಾವಳಿಯಲ್ಲಿ ನಿಷಿದ್ಧವಾದ ಭರ್ತಿಯ ಪಟ್ಟಿಯನ್ನು ಓದಿರಿ: ಜವುಗು ನೆಲದ ಮಣ್ಣು, ಮರದ ಬೊಡ್ಡೆ, ದಿಮ್ಮಿ, ಕೊಳೆಯುವ ವಸ್ತು, ತಾನಾಗಿ ಹೊತ್ತಿಕೊಳ್ಳುವ ವಸ್ತು, ಉಪ್ಪು ಬಿಡುವ ಮಣ್ಣು. ನಡುವೆ ಹದಿನಾಲ್ಕು ಶತಮಾನಗಳು ಕಳೆದಿದ್ದರೂ ಎರಡು ಪಟ್ಟಿಗಳೂ ಒಂದೇ ಭೀತಿಯನ್ನು ನುಡಿಯುತ್ತವೆ. ಕೊಳೆಯುವುದು ಕೊಳೆತಾಗ ಅಲ್ಲೊಂದು ಪೊಳ್ಳು ಉಳಿಯುತ್ತದೆ. ಪೊಳ್ಳಿನ ಮೇಲೆ ನೆಲ ಕುಸಿಯುತ್ತದೆ.

ಒಂದು ಕಡೆ ತಿರಸ್ಕೃತವಾದ ಮಣ್ಣು ಇನ್ನೊಂದು ಕಡೆ ಪೂಜ್ಯವಾಗುವ ಸೋಜಿಗವನ್ನೂ ಈ ಸೀಮೆಯಲ್ಲಿ ನೋಡಬೇಕು. ಪಾಯಾಕ್ಕೆ ಬೇಡವೆಂದು ಬದಿಗೆ ಸುರಿದ ಸವಳನ್ನು ನಮ್ಮ ಗೌಂಡಿ ಚೆಲ್ಲಿಬಿಡಲಿಲ್ಲ. ಪಕ್ಕದ ಹಳ್ಳಿಯ ಮಾಳಿಗೆಮನೆಯವರಿಗೆ ಕೊಟ್ಟರು. ಮಳೆ ಕಡಿಮೆಯಾದ ಪೂರ್ವದ ಹಳ್ಳಿಗಳಲ್ಲಿ ತೊಲೆ ಜಂತಿಗಳ ಮೇಲೆ ಕಟ್ಟಿಗೆ ಹಾಸಿ, ಸೊಪ್ಪು ಹರಡಿ, ಮಣ್ಣು ಹೇರಿದ ಮೇಲ್ಮುದ್ದೆಯ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳ ಮೇಲ್ಪದರಕ್ಕೆ ಸವಳುಮಣ್ಣೇ ಬೇಕು. ಅದರೊಳಗಣ ಸೋಡಿಯಂ ಲವಣವು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ರಂಧ್ರಗಳನ್ನೆಲ್ಲ ಮುಚ್ಚುವುದರಿಂದ ಮಳೆಯ ನೀರು ಒಳಗಿಳಿಯದೆ ಜಾರಿಹೋಗುತ್ತದೆ. ಹುಲ್ಲೂ ಅದರಲ್ಲಿ ಬೇರುಬಿಡದು. ಜೋಳವನ್ನು ವರ್ಷಗಟ್ಟಲೆ ಕಾಪಿಡುವ ಹಗೇವನ್ನು ತೋಡುವವರಾದರೋ ಗಟ್ಟಿಯಾದ, ಒದ್ದೆಯೇರದ ನೆಲವನ್ನೇ ಹುಡುಕುತ್ತಿದ್ದರು; ಎರೆಯಲ್ಲಿ ತೋಡಿದ ಹಗೇವು ಬಿರಿದು ಕಾಳನ್ನು ಕೆಡಿಸುವುದೆಂದು ಅವರಿಗೆ ಗೊತ್ತು. ಸುಗ್ಗಿಯ ಕಣಕ್ಕೂ ಬಿರಿಯದ ಮಣ್ಣೇ ಬೇಕು.

ಮನೆಯ ಪಾಯಾ ಸಣ್ಣ ಮಾತು. ಊರಿಗೂರೇ ಕೂಡಿ ಮಣ್ಣು ಹೇರಿದ ಕೆಲಸಗಳ ಇತಿಹಾಸ ಇನ್ನೂ ಹಿಂದಕ್ಕೆ ಹೋಗುತ್ತದೆ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾಯರು ೧೯೬೫ರಲ್ಲಿ ನಡೆಸಿದ ಉತ್ಖನನದಿಂದ, ಮೂರು ಸಹಸ್ರ ವರ್ಷಗಳಿಗೂ ಹಿಂದಿನ ಜನ ತಮ್ಮ ದುಂಡನೆಯ ಗುಡಿಸಲುಗಳಿಗೆ ನೆಲವನ್ನು ಬಡಿದು ಗಟ್ಟಿಮಾಡುತ್ತಿದ್ದ ಸಂಗತಿ ಬೆಳಕಿಗೆ ಬಂದಿತು; ದಿಮ್ಮಸಿನ ಸಪ್ಪಳ ಈ ಹೊಳೆಯ ದಂಡೆಗೆ ಅಷ್ಟು ಹಳೆಯದು. ವರದಾ ತುಂಗಭದ್ರೆಗಳ ಸಂಗಮದ ಗಳಗನಾಥದಲ್ಲಿ ಹನ್ನೊಂದನೆಯ ಶತಮಾನದ ಗಳಗೇಶ್ವರ ದೇವಾಲಯದ ಗರ್ಭಗೃಹಕ್ಕೆ ಶಿಲ್ಪಿಗಳು ಹೊರಗಿನಿಂದ ಕಲ್ಲಿನ ಇಳಿಜಾರು ಪೀಠವನ್ನು ಕೊಟ್ಟು ಬುಡವನ್ನು ಅಗಲಗೊಳಿಸಿದ್ದಾರೆ. ಹೊಳೆದಂಡೆಯ ನೆಲದ ಮೇಲೆ ಎಷ್ಟು ವಿಶ್ವಾಸವಿಡಬಹುದೆಂಬ ವಿವೇಕವೇ ಅಲ್ಲಿ ಆಕಾರ ತಾಳಿ ನಿಂತಂತೆ ನನಗೆ ಕಾಣುತ್ತದೆ. ಕುಮುದ್ವತಿಯನ್ನು ಎರಡು ಗುಡ್ಡಗಳ ನಡುವೆ ತಡೆದು ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ ಮಾಸೂರಿನ ಕೆರೆಯ ಏರಿಯಾದರೋ ಈ ಜಿಲ್ಲೆಯ ಮಣ್ಣಿನ ಕೆಲಸಗಳಲ್ಲಿ ಮುಕುಟಪ್ರಾಯವಾದುದು. ಆ ಏರಿಯ ಮೇಲೆ ನಿಂತು ಕೆಳಗೆ ನೋಡಿದವರಿಗೆ, ತಲೆಯ ಮೇಲಿನ ಬುಟ್ಟಿಯೊಂದನ್ನುಳಿದು ಬೇರೆ ವಾಹನವಿಲ್ಲದ ಕಾಲದಲ್ಲಿ ಒಂದು ಗುಡ್ಡದಷ್ಟು ಮಣ್ಣನ್ನು ಆರಿಸಿ, ಹೊತ್ತು, ತುಳಿದು ನಿಲ್ಲಿಸಿದ ಅನಾಮಧೇಯರ ಸಂಖ್ಯೆಯೆಷ್ಟಿರಬಹುದೆಂಬ ಯೋಚನೆ ಬಾರದೆ ಹೋಗದು.

ಆ ಅನಾಮಧೇಯರಲ್ಲಿ ಪ್ರಮುಖರು ಮಣ್ಣುವಡ್ಡರು. ಕಂಪನಿ ಸರ್ಕಾರವೂ ಅನಂತರದ ಬ್ರಿಟಿಷ್ ಸರ್ಕಾರವೂ ಧಾರವಾಡ ಜಿಲ್ಲೆಯ ಹತ್ತಿಯನ್ನು ಕುಮಟೆ ಕಾರವಾರಗಳ ಬಂದರಿಗೆ ಸಾಗಿಸುವ ಆತುರದಲ್ಲಿ ರಸ್ತೆಗಳನ್ನು ತೆಗೆದಾಗಲೂ, ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಮೇಲೆ ಹಳಿ ಹಾಸಿದಾಗಲೂ, ನೆಲದ ಮಟ್ಟದಿಂದ ಎತ್ತರಕ್ಕೆ ಏರಿಯನ್ನು ಎಬ್ಬಿಸದೆ ಗತಿಯಿರಲಿಲ್ಲ. ಎರೆಯ ಮೇಲೆ ನೇರವಾಗಿ ಹಾಸಿದ ದಾರಿ ಒಂದು ಮಳೆಗಾಲವನ್ನೂ ದಾಟದು. ವಡ್ಡರು ಮಣ್ಣು ತೆಗೆದ ಗುಂಡಿಗಳ ನಡುನಡುವೆ ಮೊದಲಿನ ನೆಲದ ಎತ್ತರಕ್ಕೆ ಒಂದೊಂದು ಗುಡ್ಡೆಯನ್ನು ಅಗೆಯದೆ ಉಳಿಸುತ್ತಿದ್ದರು; ಅದರ ಎತ್ತರವನ್ನು ಅಳೆದೇ ಕೂಲಿ. ನೂರು ಘನ ಅಡಿಗೆ ಒಂದು ಬ್ರಾಸು ಎಂಬ ಮುಂಬಯಿ ಇಲಾಖೆಯ ಲೆಕ್ಕ ನಮ್ಮಲ್ಲಿ ಅಂದು ಬೇರೂರಿದ್ದು, ಇಂದಿಗೂ ಗರಸು ಮಾರುವವನೂ ಕೊಳ್ಳುವವನೂ ಬ್ರಾಸಿನ ಲೆಕ್ಕವನ್ನೇ ಆಡುತ್ತಾರೆ.

ಕೈಯ ಅರಿವು ಅಂಕಿಗಳಾಗಿ ಮಾರ್ಪಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ. ಸ್ವೀಡನ್ನಿನ ಅಟರ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞನು ೧೯೧೧ರಲ್ಲಿ, ಮಣ್ಣು ಗಟ್ಟಿಯ ಅವಸ್ಥೆಯಿಂದ ನಾದಬಹುದಾದ ಅವಸ್ಥೆಗೂ ಅಲ್ಲಿಂದ ಹರಿಯುವ ಅವಸ್ಥೆಗೂ ದಾಟುವ ಮೇರೆಗಳನ್ನು ನೀರಿನ ಪ್ರಮಾಣದಿಂದ ಗುರುತಿಸಿದನು. ಅವನ ಪರೀಕ್ಷೆಯನ್ನು ಇಂದಿನ ಪ್ರಯೋಗಶಾಲೆಗಳಲ್ಲಿ ಮಾಡುವ ಕ್ರಮವನ್ನು ಮೊದಲ ಬಾರಿ ಕಂಡಾಗ ನಾನು ಬೆರಗಾದೆನು: ಒದ್ದೆ ಮಣ್ಣನ್ನು ಗಾಜಿನ ಹಲಗೆಯ ಮೇಲೆ ಬೆರಳುಗಳಿಂದ ಹೊಸೆದು, ಮೂರು ಮಿಲಿಮೀಟರು ದಪ್ಪದ ಎಳೆಯಾಗುವ ಹೊತ್ತಿಗೆ ಅದು ಮುರಿಯುವಂತಾದಾಗ ಅದರಲ್ಲಿ ಎಷ್ಟು ನೀರಿತ್ತೆಂದು ಅಳೆಯುತ್ತಾರೆ. ನಮ್ಮ ಮನೆಯ ಅಂಗಳದ ಆ ಶಾವಿಗೆಯೇ ಇದು. ಗಾಜಿನ ಹಲಗೆಯೊಂದು ಹೆಚ್ಚಾಗಿತ್ತು, ಅಷ್ಟೆ. ಅದೇ ರೀತಿ ಅಮೆರಿಕದ ಲಾಸ್ ಏಂಜಲಿಸ್ ನಗರದ ನೀರು ಸರಬರಾಜಿನ ಎಂಜಿನಿಯರಾಗಿದ್ದ ಪ್ರಾಕ್ಟರ್ ೧೯೩೩ರಲ್ಲಿ, ಮಣ್ಣಿನ ಏರಿಗಳನ್ನು ಕಟ್ಟುವಾಗ ಒಂದು ನಿರ್ದಿಷ್ಟ ಪ್ರಮಾಣದ ನೀರಿದ್ದಾಗ ಮಾತ್ರ ಮಣ್ಣು ಅತ್ಯಧಿಕ ಸಾಂದ್ರತೆಗೆ ಬಡಿಯಲ್ಪಡುವುದೆಂದು ತೋರಿಸಿಕೊಟ್ಟನು. ನೀರು ಕಡಿಮೆಯಾದರೆ ಕಣಗಳು ಒಂದರ ಮೇಲೊಂದು ಜಾರವು, ಹೆಚ್ಚಾದರೆ ನೀರೇ ಜಾಗ ಹಿಡಿದು ಅವನ್ನು ದೂರವಿಡುವುದು. ಇಂಗ್ಲಿಷಿನಲ್ಲಿ ಮೂರು ಪದಗಳಿಂದ ಹೇಳುವ ಆ ನೀರಿನ ಪ್ರಮಾಣಕ್ಕೆ ಕನ್ನಡದಲ್ಲಿ ಹೊಸ ಪಾರಿಭಾಷಿಕ ಶಬ್ದವನ್ನು ಹುಟ್ಟಿಸಲು ಹೋದ ಪಠ್ಯಪುಸ್ತಕಕಾರರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ‘ಹದ’ ಎಂಬುದಕ್ಕೆ ಅದಲ್ಲದೆ ಬೇರೆ ಅರ್ಥವಿಲ್ಲ.

೧೯೪೭ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯು ಮುಂದೆ ಈ ಪರೀಕ್ಷೆಗಳನ್ನೆಲ್ಲ ೨೭೨೦ನೆಯ ಸಂಖ್ಯೆಯ ಮಾನಕದ ಅನೇಕ ಭಾಗಗಳಲ್ಲಿ ಕ್ರಮಪಡಿಸಿತು. ಒಂದು ಸಾವಿರ ಘನ ಸೆಂಟಿಮೀಟರಿನ ಅಚ್ಚಿನೊಳಗೆ ಮೂರು ಪದರ, ಪದರವೊಂದಕ್ಕೆ ೨.೬ ಕಿಲೋಗ್ರಾಂ ತೂಕದ ದಿಮ್ಮಸನ್ನು ೩೧೦ ಮಿಲಿಮೀಟರು ಎತ್ತರದಿಂದ ಬಿಟ್ಟು ೨೫ ಪೆಟ್ಟು. ಎರೆಸೀಮೆಯವರಿಗೆ ಇವೆಲ್ಲಕ್ಕಿಂತ ಪ್ರಯೋಜನಕರವಾದ ಪರೀಕ್ಷೆ ಬಹು ಸರಳವಾದುದು. ಒಣಗಿಸಿ ಸಣ್ಣ ಜರಡಿಯಲ್ಲಿ ಜಾಲಿಸಿದ ಮಣ್ಣನ್ನು ಹತ್ತು ಹತ್ತು ಗ್ರಾಮಿನಂತೆ ಎರಡು ಗಾಜಿನ ಅಳತೆಗೊಳವೆಗಳಿಗೆ ಹಾಕಿ, ಒಂದಕ್ಕೆ ಶುದ್ಧವಾದ ನೀರನ್ನೂ ಇನ್ನೊಂದಕ್ಕೆ ಚಿಮಣಿ ಎಣ್ಣೆಯನ್ನೂ ತುಂಬಿ ಒಂದು ಹಗಲು ಒಂದು ರಾತ್ರಿ ಬಿಡುವರು. ಎಣ್ಣೆಯಲ್ಲಿ ಮಣ್ಣು ಹಿಗ್ಗದು. ನೀರಿನಲ್ಲಿ ಹಿಗ್ಗುವ ಸ್ವಭಾವವಿದ್ದರೆ ಹಿಗ್ಗುವುದು. ಮರುದಿನ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಓದುಬಾರದವನಿಗೂ ಅರ್ಥವಾಗುತ್ತದೆ: ಗರಸಿನ ಎರಡು ಗೊಳವೆಗಳಲ್ಲಿ ಮಣ್ಣು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಎರೆಯ ಎರಡರಲ್ಲಿ, ಎಣ್ಣೆಯೊಳಗಿನದು ಕೆಳಗೆ ಕುಳಿತಿದ್ದರೆ ನೀರಿನೊಳಗಿನದು ಮೋಡದಂತೆ ಉಬ್ಬಿ ಮೇಲೇರಿರುತ್ತದೆ. ಈ ಹಿಗ್ಗು ನೂರಕ್ಕೆ ಐವತ್ತನ್ನು ಮೀರಿದ ಮಣ್ಣನ್ನು ಹೆದ್ದಾರಿಯ ಏರಿಗೆ ಹಾಕಕೂಡದೆಂದು ನಿಯಮ.

ಎರೆಯನ್ನು ಪೂರ್ತಿಯಾಗಿ ತೆಗೆದುಹಾಕಲು ಸಾಧ್ಯವಿಲ್ಲದಲ್ಲಿ ಏನು ಮಾಡತಕ್ಕದ್ದು? ಇದಕ್ಕೆ ಉತ್ತರವೂ ನಮ್ಮ ಸೀಮೆಯ ನೆರೆಯಲ್ಲಿಯೇ ದೊರೆಯಿತು. ಮಲಪ್ರಭಾ ಯೋಜನೆಯ ಕಾಲುವೆಗಳು ಎರೆನೆಲದಲ್ಲಿ ಹಾದುಹೋಗುವಾಗ ಅವುಗಳ ಒಳಹಾಸು ಉಬ್ಬಿ ಒಡೆಯುತ್ತಿದ್ದ ಸಮಸ್ಯೆಯನ್ನು ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ೧೯೭೦ರ ದಶಕದಲ್ಲಿ ಕೈಗೆತ್ತಿಕೊಂಡು, ಎರೆಯ ಮೇಲೆ ಅಂಟುಗುಣವಿದ್ದರೂ ಹಿಗ್ಗದಂಥ ಮಣ್ಣನ್ನು ಸುಮಾರು ಒಂದು ಮೀಟರು ದಪ್ಪಕ್ಕೆ ಬಡಿದು ಕೂರಿಸಿದರೆ ಅಡಿಯ ಎರೆ ತನ್ನ ಉಬ್ಬರವನ್ನು ಅಡಗಿಸಿಕೊಳ್ಳುವುದೆಂದು ಸಿದ್ಧಪಡಿಸಿದರು. ಮುಂದೆ ಅದು ದೇಶದ ಮಾನಕಗಳಲ್ಲಿಯೂ ಸೇರಿತು. ಕೆಂಪು ಮಸಾರಿಯ ಒಳ್ಳೆಯ ಗರಸು ಅಂಥ ಮಣ್ಣಿನ ಜಾತಿಗೆ ಸೇರತಕ್ಕದ್ದು. ತುಂಗಾ ಮೇಲ್ದಂಡೆಯ ನೀರು ಇಂದು ರಾಣೇಬೆನ್ನೂರು ಹಾವೇರಿಗಳ ಹೊಲಗಳಿಗೆ ಬರುವಾಗಲೂ ಎರೆಯ ನಡುವೆ ಕಾಲುವೆಯನ್ನು ಕಾಯುವ ಚಿಂತೆ ಇದೇ.

೧೯೯೭ರ ಆಗಸ್ಟ್ ೨೪ರಂದು ಹಾವೇರಿ ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಕಚೇರಿಗಳು, ಕಾಲೇಜುಗಳು, ಬಡಾವಣೆಗಳು, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಗೋದಾಮುಗಳು, ಶೀತಗೃಹಗಳು, ಊರುಗಳ ಮಗ್ಗುಲಲ್ಲಿಯೇ ಅಗಲವಾಗುತ್ತ ಹೋದ ಪುಣೆ ಬೆಂಗಳೂರು ಹೆದ್ದಾರಿ. ಎಲ್ಲಕ್ಕೂ ಭರ್ತಿ ಬೇಕು. ೨೦೦೦ದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ರಸ್ತೆ, ರೈಲು, ಕಟ್ಟಡಗಳಿಗಾಗಿ ತುಂಬುವ ಸಾಮಾನ್ಯ ಮಣ್ಣನ್ನೂ ಉಪಖನಿಜವೆಂದು ಸಾರಿತು. ಯಾರ ಗಮನಕ್ಕೂ ಬಾರದಿದ್ದ ಮಡ್ಡಿಯ ಗರಸಿಗೆ ಕಾಯಿದೆಯ ಕಣ್ಣು ತಾಗಿತು. ಪರವಾನಗಿಯ ಕಾಗದದಲ್ಲಿ ಎಷ್ಟು ಮಣ್ಣು, ಎಲ್ಲಿಂದ ಎಂಬುದಕ್ಕೆ ಜಾಗವಿದೆ. ಎಂಥ ಮಣ್ಣು ಎಂಬುದನ್ನು ಮಾತ್ರ ಕಟ್ಟುವವನೇ ಕೇಳಿ ತಿಳಿಯಬೇಕು.

ಕೇಳದೆ ಹೋದುದರ ಫಲವನ್ನು ನಾನು ಬ್ಯಾಡಗಿಯ ನಂಟರೊಬ್ಬರ ಗೋದಾಮಿನಲ್ಲಿ ಕಂಡೆ. ಮಣ್ಣು ಪೂರೈಸುವ ಕರಾರು ಮಾಡಿಕೊಂಡವನು ಎರಡು ರಾತ್ರಿಗಳಲ್ಲಿ ನೆಲಗಟ್ಟಿನ ಒಳಗನ್ನೆಲ್ಲ ತುಂಬಿಸಿಕೊಟ್ಟನು. ಅದು ಕೆರೆಯ ಹೂಳು. ಕರ್ರಗೆ, ನುಣ್ಣಗೆ, ಹೊಲಕ್ಕೆ ಹಾಕಿದರೆ ಬಂಗಾರವಾಗತಕ್ಕ ಮಣ್ಣು. ಮೇಲೆ ನಾಲ್ಕು ಬೆರಳು ಗರಸನ್ನು ಹರಡಿದ್ದುದರಿಂದ ಹಗಲಿನಲ್ಲಿ ನೋಡಿದವರಿಗೆ ಅನುಮಾನ ಬರಲಿಲ್ಲ. ನಡುವಿಗೆ ಕೈ ತೂರಿಸುವವರು ಅಲ್ಲಿ ಯಾರೂ ಇರಲಿಲ್ಲ. ಮೂರನೆಯ ಮಳೆಗಾಲಕ್ಕೆ ಕಾಂಕ್ರೀಟಿನ ನೆಲ ಮಧ್ಯದಲ್ಲಿ ಉಬ್ಬಿ ಅಂಚಿನಲ್ಲಿ ಕುಸಿದು, ಬಿರುಕುಗಳಿಂದ ತೇವವೇರಿ, ಗೋಣಿಚೀಲಗಳ ತಳದ ಮೆಣಸಿನಕಾಯಿ ಬೂಸಲು ಹಿಡಿಯಿತು. ನೆಲವನ್ನು ಒಡೆದು ತೆಗೆದಾಗ ಹೂಳಿನೊಳಗೆ ಆಪಿನ ಬೇರುಗಳೂ, ಪ್ಲಾಸ್ಟಿಕ್ ಚೀಲಗಳೂ, ಮುರಿದ ಬಳೆಯ ಚೂರುಗಳೂ ಹೊರಬಂದುವು. ನನ್ನ ನಂಟರ ಹೆಂಡತಿ ಆ ರಾಶಿಯನ್ನು ನೋಡುತ್ತ ನಿಂತು, “ಒಂದ್ ಮಾತ ಕೇಳಿದ್ರ ಆಗತಿತ್ತಲ್ರೀ, ಎಲ್ಲೀ ಮಣ್ಣಂತ” ಎಂದರು. ಹತ್ತು ನಿಮಿಷದ ವಿಚಾರಣೆಯನ್ನೂ ಎರಡು ಗಾಜಿನ ಗೊಳವೆಗಳನ್ನೂ ಉಳಿಸಿದ್ದಕ್ಕಾಗಿ ಆ ಮನೆಯವರು ಒಂದು ವರ್ಷದ ವ್ಯಾಪಾರವನ್ನು ಕಳೆದುಕೊಂಡರು. ಈ ಸಂಗತಿ ನನ್ನನ್ನು ಇಂದಿಗೂ ನೋಯಿಸುತ್ತದೆ. ಏಕೆಂದರೆ ತಿಳಿವಳಿಕೆ ಇಲ್ಲದ ಸೀಮೆಯಲ್ಲಿ ಇದು ನಡೆಯಲಿಲ್ಲ.

ರಾಣೇಬೆನ್ನೂರಿನ ನಮ್ಮ ಹಳೆಯ ಮನೆಯನ್ನು ಈಚೆಗೆ ಇಳಿಸಬೇಕಾಯಿತು. ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಗೋಡೆಯ ಮಣ್ಣನ್ನು ಹಳೆಯ ರೂಢಿಯಂತೆ ರೈತರು ಬಂದು ಹೊಲಕ್ಕೆ ಗೊಬ್ಬರವೆಂದು ಹೇರಿಕೊಂಡು ಹೋದರು. ಉಳಿದದ್ದು ನೆಲಗಟ್ಟು. ಹೊಸ ಮನೆಯ ಎಂಜಿನಿಯರನಾದ ತರುಣನು ಅದನ್ನೂ ಅಗೆದು ಹೊಸ ಭರ್ತಿಯನ್ನು ಹಾಕಿಸುವ ಲೆಕ್ಕದಲ್ಲಿದ್ದನು. ಆಳುಗಳು ಹಾರೆಯನ್ನು ಎತ್ತಿ ಹಾಕಿದರೆ ಅದು ಎರಡು ಬೆರಳು ಇಳಿದು ಪುಟಿದು ಬಂದಿತು. ತರುಣನು ಮೊಣಕಾಲೂರಿ ಕುಳಿತು, ಎದ್ದ ಚಕ್ಕೆಯೊಂದನ್ನು ಕೈಯಲ್ಲಿ ಹಿಡಿದು, ಅದರ ಮಗ್ಗುಲಲ್ಲಿ ಒಂದರ ಮೇಲೊಂದು ಗೆರೆಗೆರೆಯಾಗಿ ಕಾಣುತ್ತಿದ್ದ ಪದರಗಳನ್ನು ಬಹಳ ಹೊತ್ತು ನೋಡಿದನು. “ಸರ್, ಇದು ಯಾವ ಗುಡ್ಡದ ಗರಸ್ರೀ?” ಎಂದು ಕೇಳಿದನು. ನನಗೆ ಆ ಮಡ್ಡಿಯ ಹೆಸರು ನೆನಪಿತ್ತು; ಹೇಳಿದೆ. ಅವನು ಚೀಲದಲ್ಲಿ ಒಂದಿಷ್ಟನ್ನು ಕಟ್ಟಿಕೊಂಡು ಪ್ರಯೋಗಶಾಲೆಗೆ ಒಯ್ದನು. ವಾರದ ಮೇಲೆ ಬಂದು, ಕಾಗದವನ್ನು ನನ್ನ ಕೈಗೆ ಕೊಟ್ಟು, ಆಳುಗಳಿಗೆ ಹಾರೆಗಳನ್ನು ಕೆಳಗಿಡಲು ಹೇಳಿದನು. ಹೊಸ ಮನೆಯ ನೆಲವನ್ನು ಅದರ ಮೇಲೆಯೇ ಹಾಸಿದೆವು.